ಶಾಲಾ ವರ್ಷದ ಕೊನೆಯ ವಾರಗಳು: ಸಿಬ್ಬಂದಿಯ ಗಮನ ಚದುರದಂತೆ ನೋಡಿಕೊಳ್ಳುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರಾಥಮಿಕ ಶಾಲೆಯ ಕೊನೆಯ ವಾರಗಳನ್ನು ನಾನು ಎರಡೂ ಕಡೆಯಿಂದ ನೋಡಿದ್ದೇನೆ. ಮೊದಲು ತರಗತಿಯ ಒಳಗಿನಿಂದ, ಆಮೇಲೆ ಮುಖ್ಯಶಿಕ್ಷಕನ ಕುರ್ಚಿಯಿಂದ. ಹೊಸದಾಗಿ ಆ ಕುರ್ಚಿಗೆ ಬಂದವರು ಪ್ರತಿ ವರ್ಷ ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಉತ್ತರಗಳಲ್ಲಿ ಕೆಲವು ಓದಿನಿಂದ ಬಂದವು, ಹೆಚ್ಚಿನವು ತಪ್ಪು ಮಾಡಿ ಕಲಿತವು.

ಕೊನೆಯ ವಾರಗಳಲ್ಲಿ ಶಿಕ್ಷಕರ ಗಮನ ನಿಜವಾಗಿಯೂ ಕಡಿಮೆಯಾಗುತ್ತದೆಯೇ?

ಕಡಿಮೆಯಾಗುವುದಕ್ಕಿಂತ ಹೆಚ್ಚಾಗಿ ಹಂಚಿಹೋಗುತ್ತದೆ. ಈ ವ್ಯತ್ಯಾಸ ಅರ್ಥವಾಗಲು ನನಗೆ ಹಲವು ವರ್ಷ ಹಿಡಿಯಿತು. ಒಮ್ಮೆ ಮೂರನೆಯ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು, ಪಾಠದ ಬಗ್ಗೆ ಏನನ್ನೂ ಬರೆದುಕೊಳ್ಳದೆ, ಶಿಕ್ಷಕಿಯ ಮಾತು ಎಷ್ಟು ಸಲ ತುಂಡಾಗುತ್ತದೆ ಎಂಬುದನ್ನಷ್ಟೇ ಗುರುತು ಹಾಕಿಕೊಂಡೆ. ದಶಕ ತೆಗೆದುಕೊಂಡು ಕಳೆಯುವ ಲೆಕ್ಕ ನಡೆದಿತ್ತು. "ಎರಡರಲ್ಲಿ ಏಳು ಹೋಗುವುದಿಲ್ಲ, ಪಕ್ಕದ ಮನೆಯಿಂದ ಸಾಲ ತರೋಣ" ಎನ್ನುವಷ್ಟರಲ್ಲಿ ಜವಾನ ಸೂಚನಾ ಪುಸ್ತಕ ಹಿಡಿದು ಬಾಗಿಲಲ್ಲಿ ನಿಂತ. ಸಹಿ ಹಾಕಿ ತಿರುಗಿದರೆ, ಗ್ರಂಥಾಲಯಕ್ಕೆ ವಾಪಸಾಗದ ಪುಸ್ತಕಗಳ ಪಟ್ಟಿ ಬಂತು. ಅದಾದ ಮೇಲೆ, ಗುಂಪು ಫೋಟೋಗೆ ಮಕ್ಕಳನ್ನು ಯಾವಾಗ ಕಳಿಸುತ್ತೀರಿ ಎಂದು ಪಕ್ಕದ ತರಗತಿಯವರು ಕೇಳಿದರು. 40 ನಿಮಿಷದ ಅವಧಿಯಲ್ಲಿ ಐದು ಸಲ ಹೀಗಾಯಿತು. ಪಕ್ಕದ ಮನೆಗೆ ಸಾಲಕ್ಕೆ ಹೋದವರು ವಾಪಸು ಬರಲೇ ಇಲ್ಲ. ಆ ಐದರಲ್ಲಿ ಮೂರು ಅಡಚಣೆಗಳು ಹೊರಟಿದ್ದು ನನ್ನದೇ ಕೊಠಡಿಯಿಂದ.

ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದಾಗ ಮನಸ್ಸಿನ ಒಂದು ಪಾಲು ಹಿಂದಿನದರಲ್ಲೇ ಉಳಿದುಬಿಡುತ್ತದೆ ಎಂಬುದನ್ನು ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ತೋರಿಸಿದರು. ವರ್ಷದ ಕೊನೆಗೆ ಶಿಕ್ಷಕರ ತಲೆಯಲ್ಲಿ ಇಂಥ ಅರ್ಧರ್ಧ ಕೆಲಸಗಳ ರಾಶಿಯೇ ಬಿದ್ದಿರುತ್ತದೆ. ಹೊರಗಿನಿಂದ ನೋಡುವವರಿಗೆ ಅದು ಅನ್ಯಮನಸ್ಕತೆಯಂತೆ ಕಾಣುತ್ತದೆ.

ಸೋಮಾರಿತನದ ಪಾಲು ಏನೂ ಇಲ್ಲವೇ?

ಇದ್ದೇ ಇರುತ್ತದೆ. ಆದರೆ ನೆನಪಿಸಿಕೊಳ್ಳಿ, ಮನೆ ಕಡೆ ಮುಖ ಮಾಡಿದ ಎತ್ತಿನ ಹೆಜ್ಜೆ ಚುರುಕಾಗುತ್ತದೆಯೇ ಹೊರತು ನಿಧಾನವಾಗುವುದಿಲ್ಲ. ಮನಶ್ಶಾಸ್ತ್ರಜ್ಞ ಕ್ಲಾರ್ಕ್ ಹಲ್ 1930ರ ದಶಕದಲ್ಲಿ ಇಲಿಗಳನ್ನು ಓಡಿಸಿ ಕಂಡುಕೊಂಡದ್ದೂ ಇದನ್ನೇ: ಗುರಿ ಹತ್ತಿರವಾದಷ್ಟೂ ಓಟ ಬಿರುಸಾಗುತ್ತದೆ. ಹಾಗಾದರೆ ಶಾಲೆಯಲ್ಲಿ ಮಾತ್ರ ಕಾಲು ಸೋಲುವುದು ಏಕೆ? ಸೋಲುವುದಿಲ್ಲ. ಸಿಬ್ಬಂದಿ ಕೊನೆಯ ವಾರಗಳಲ್ಲಿ ಓಡುತ್ತಲೇ ಇರುತ್ತಾರೆ, ಆದರೆ ಗುರಿ ಬದಲಾಗಿರುತ್ತದೆ. ಮೊದಲು ಗುರಿ ಕಲಿಕೆಯಾಗಿತ್ತು, ಈಗ ಮುಚ್ಚುವುದು ಗುರಿಯಾಗಿದೆ. ಕಪಾಟು ಮುಚ್ಚಬೇಕು, ಕಡತ ಮುಚ್ಚಬೇಕು, ಲೆಕ್ಕ ಮುಚ್ಚಬೇಕು. ಮುಚ್ಚುವ ಕೆಲಸಗಳು ಕಣ್ಣಿಗೆ ಕಾಣುತ್ತವೆ, ಅವುಗಳಿಗೆ ದಿನಾಂಕವಿರುತ್ತದೆ, ಮಾಡದಿದ್ದರೆ ಕೇಳುವವರಿರುತ್ತಾರೆ. ಕಳೆಯುವ ಲೆಕ್ಕ ಇನ್ನೂ ಬಾರದ ನಾಲ್ಕು ಮಕ್ಕಳ ಬಗ್ಗೆ ಆ ದಿನಗಳಲ್ಲಿ ಯಾರೂ ಕೇಳುವುದಿಲ್ಲ. ಮುಖ್ಯಶಿಕ್ಷಕರೂ ಕೇಳುವುದಿಲ್ಲ.

ಅಲ್ಲಿಗೆ, ಮಾಡಬೇಕಾದ ಮೊದಲ ಕೆಲಸ ತುಂಬ ಸರಳ. ಆ ನಾಲ್ಕು ಮಕ್ಕಳ ಬಗ್ಗೆ ಕೇಳುತ್ತಿರಿ.

ತಯಾರಿಯನ್ನು ಎಷ್ಟು ಮುಂಚೆ ಆರಂಭಿಸಬೇಕು?

ಕಡೆಯ ದಿನಕ್ಕೆ ಎಂಟು ವಾರ ಇರುವಾಗ. ಅದಕ್ಕಿಂತ ಮೊದಲು ಹೇಳಿದರೆ ಯಾರ ಕಿವಿಗೂ ಬೀಳುವುದಿಲ್ಲ, ನಾಲ್ಕು ವಾರ ಉಳಿದಾಗ ಹೇಳಿದರೆ ಎಲ್ಲರೂ ಕೆಂಡದ ಮೇಲೆ ಕೂತಂತೆ ಆಡುತ್ತಾರೆ.

ಆ ವಾರ ಒಂದೇ ಒಂದು ಹಾಳೆ ತಯಾರಿಸಿ. ವರ್ಷ ಮುಗಿಯುವಷ್ಟರಲ್ಲಿ ಶಿಕ್ಷಕರು ಒಪ್ಪಿಸಬೇಕಾದ ಪ್ರತಿಯೊಂದನ್ನೂ ಅದರಲ್ಲಿ ಬರೆಯಿರಿ: ಅಂಕಪಟ್ಟಿ, ಪ್ರಗತಿಪತ್ರ, ಹಾಜರಿಯ ಒಟ್ಟು ಲೆಕ್ಕ, ಪಠ್ಯಪುಸ್ತಕ ಮತ್ತು ಉಪಕರಣಗಳ ದಾಸ್ತಾನು, ದುರಸ್ತಿ ಬೇಕಾದ ಬೆಂಚುಗಳು, ಬೀಗದ ಕೈ. ಪ್ರತಿಯೊಂದರ ಎದುರು ದಿನಾಂಕ, ಮತ್ತು ಯಾರ ಕೈಗೆ ಕೊಡಬೇಕು ಎಂಬುದು. ಹಾಳೆಯ ಎರಡೂ ಬದಿ ತುಂಬಿದರೆ ಶಿಕ್ಷಕರ ತಪ್ಪು ಹುಡುಕುವುದನ್ನು ಬಿಟ್ಟು ಪಟ್ಟಿಯ ತಪ್ಪು ಹುಡುಕಿ.

ದಿನಾಂಕಗಳನ್ನೆಲ್ಲ ಕೊನೆಯ ವಾರಕ್ಕೆ ದೂಡಬೇಡಿ. ಕೊಟ್ಟಷ್ಟು ಕಾಲವನ್ನೂ ತುಂಬಿಕೊಳ್ಳುವಂತೆ ಕೆಲಸ ಹಿಗ್ಗುತ್ತದೆ ಎಂದು ನಾರ್ತ್‌ಕೋಟ್ ಪಾರ್ಕಿನ್ಸನ್ 1955ರಲ್ಲಿ ಹಾಸ್ಯವಾಗಿ ಬರೆದ ಮಾತು ದಾಸ್ತಾನು ಪುಸ್ತಕದ ವಿಷಯದಲ್ಲಿ ಅಕ್ಷರಶಃ ನಿಜ. ಎರಡು ಗಂಟೆಯಲ್ಲಿ ಮುಗಿಯುವ ಎಣಿಕೆಗೆ ಎರಡು ವಾರ ಕೊಟ್ಟರೆ, ಎರಡು ವಾರವೂ ಎಣಿಕೆಯ ಮಾತೇ ನಡೆಯುತ್ತದೆ. ಒಂದು ಮಧ್ಯಾಹ್ನ ಕೊಡಿ. ಆ ಮಧ್ಯಾಹ್ನ ಬೇರೆ ಏನನ್ನೂ ಕೇಳಬೇಡಿ.

ಯಾವ ಕೆಲಸಗಳನ್ನು ಕೈಬಿಡಬಹುದು?

ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಬಿಡುವಿದ್ದರೆ ಇದನ್ನು ಓದಿ. ಸಿಬ್ಬಂದಿಗೆ ಹುರುಪು ತುಂಬುವ ಭಾಷಣಗಳನ್ನು ನಾನು ಸಾಕಷ್ಟು ಮಾಡಿದ್ದೇನೆ. ಅವೆಲ್ಲ ಸೇರಿ ಮಾಡದ ಕೆಲಸವನ್ನು ಒಂದು ನಮೂನೆಯನ್ನು ರದ್ದು ಮಾಡಿದ್ದು ಮಾಡಿತು.

ನಡೆದದ್ದು ಹೀಗೆ. ನಾನಿದ್ದ ಒಂದು ಶಾಲೆಯಲ್ಲಿ ಪ್ರತಿ ಮಗುವಿನ ಹೆಸರು, ಹುಟ್ಟಿದ ದಿನಾಂಕ, ಪೋಷಕರ ಫೋನು, ವಾರ್ಷಿಕ ಅಂಕ ಇವಿಷ್ಟನ್ನು ಶಿಕ್ಷಕರು ಮೂರು ಕಡೆ ಬರೆಯುತ್ತಿದ್ದರು: ತರಗತಿಯ ದಾಖಲೆಯಲ್ಲಿ, ಕಚೇರಿಯ ದೊಡ್ಡ ಪುಸ್ತಕದಲ್ಲಿ, ಮತ್ತು ಕಂಪ್ಯೂಟರಿಗೆ ಏರಿಸಲು ಗುಮಾಸ್ತರಿಗೆ ಕೊಡುವ ಪ್ರತ್ಯೇಕ ಹಾಳೆಯಲ್ಲಿ. ಮೂರನೆಯ ಹಾಳೆ ಏಕೆ ಎಂದು ಕೇಳಿದೆ. "ಮೊದಲಿನಿಂದಲೂ ಹಾಗೇ ಇದೆ ಸರ್" ಎಂದರು. ಗುಮಾಸ್ತರನ್ನು ಕೇಳಿದೆ. ಅವರು ಆ ಹಾಳೆಯನ್ನು ನೋಡುತ್ತಲೇ ಇರಲಿಲ್ಲ, ದೊಡ್ಡ ಪುಸ್ತಕ ನೋಡಿಕೊಂಡೇ ಏರಿಸುತ್ತಿದ್ದರು. ಹಾಳೆಗಳನ್ನು ದಾರ ಕಟ್ಟಿ ಅಟ್ಟದ ಮೇಲೆ ಇಡುತ್ತಿದ್ದರು. ಏಣಿ ಹಾಕಿ ಹತ್ತಿ ನೋಡಿದರೆ ಹನ್ನೊಂದು ವರ್ಷದ ಕಟ್ಟುಗಳು ಇದ್ದವು. ಒಂದರ ಗಂಟನ್ನೂ ಯಾರೂ ಬಿಚ್ಚಿರಲಿಲ್ಲ.

ಪ್ರತಿ ನಮೂನೆಯ ಬಗ್ಗೆಯೂ ಮೂರು ಪ್ರಶ್ನೆ ಕೇಳಿ. ಇದನ್ನು ಯಾರು ಓದುತ್ತಾರೆ? ಇದೇ ಮಾಹಿತಿ ಬೇರೆಲ್ಲಾದರೂ ಇದೆಯೇ? ಶಾಲೆ ಮತ್ತೆ ತೆರೆದ ಮೇಲೆ ಮಾಡಿದರೆ ನಷ್ಟವೇನು? ಮೇಲಿನ ಕಚೇರಿ ಕೇಳುವ ದಾಖಲೆಗಳನ್ನು ಬಿಡಲಾಗದು, ಅದು ಸರಿ. ಆದರೆ ಮೇಲಿನವರು ಕೇಳಿದ್ದಾರೆ ಎಂದು ನಾವು ನಂಬಿರುವ ಎಷ್ಟೋ ಕಾಗದಗಳನ್ನು ಯಾರೂ ಕೇಳಿರುವುದಿಲ್ಲ. ಹಿಂದೆ ಎಂದೋ ಇದ್ದ ಒಬ್ಬ ಮುಖ್ಯಶಿಕ್ಷಕರು ತಮ್ಮ ಅನುಕೂಲಕ್ಕೆ ಆರಂಭಿಸಿದ್ದು ಅವರ ಹಿಂದೆಯೇ ಹೋಗದೆ ಉಳಿದಿರುತ್ತದೆ.

ಸಿಬ್ಬಂದಿ ಸಭೆಗಳನ್ನು ಹೆಚ್ಚಿಸಬೇಕೇ?

ಅರ್ಧಕ್ಕಿಳಿಸಿ. ಸೂಚನೆ ಕೊಡಲು ಸಭೆ ಬೇಡ, ಹಾಳೆ ಸಾಕು. ಚರ್ಚೆ ಬೇಕಾದದ್ದಕ್ಕೆ ಮಾತ್ರ ಕರೆಯಿರಿ, ನಿಂತೇ ಮಾತಾಡಿ, 15 ನಿಮಿಷಕ್ಕೆ ಬಿಟ್ಟುಬಿಡಿ. ದಿನಕ್ಕೆ ನಾಲ್ಕು ಸಲ ತಿರುಗುವ ಸೂಚನಾ ಪುಸ್ತಕವನ್ನು ಒಂದೇ ಸಲ, ಮಕ್ಕಳು ಬರುವ ಮೊದಲು ತಿರುಗಿಸಿ. ಮೊಬೈಲ್ ಗುಂಪಿಗೂ ಇದೇ ನಿಯಮ.

ಗೋಡೆಯ ಮೇಲಿನ ಚಾರ್ಟು, ಚಿತ್ರಗಳನ್ನು ಯಾವಾಗ ತೆಗೆಸಬೇಕು?

ಇದು ಚಿಲ್ಲರೆ ಪ್ರಶ್ನೆಯಂತೆ ಕಾಣುತ್ತದೆ. ನನ್ನ ಮಟ್ಟಿಗೆ ಇಡೀ ವಿಷಯದ ಜೀವ ಇಲ್ಲೇ ಇದೆ.

ಒಂದು ವರ್ಷ ನಾನು ಬಹಳ ಶಿಸ್ತಿನವನಾಗಿ, ಕಡೆಯ ದಿನಕ್ಕೆ ಎರಡು ವಾರ ಇರುವಾಗಲೇ ಗೋಡೆಗಳನ್ನು ಖಾಲಿ ಮಾಡಿ ಎಂದು ಸೂಚಿಸಿದೆ. ಬಣ್ಣ ಬಳಿಯುವವರಿಗೆ ಅನುಕೂಲವಾಗಲಿ ಎಂಬುದು ಲೆಕ್ಕಾಚಾರ. ಮರುದಿನ ಎರಡನೆಯ ತರಗತಿಗೆ ಹೋದೆ. ಕಾಗುಣಿತದ ಪಟ, ಹುಟ್ಟುಹಬ್ಬದ ಪಟ್ಟಿ, ಮಕ್ಕಳ ಚಿತ್ರಗಳ ಹಗ್ಗ ಎಲ್ಲವೂ ಹೋಗಿತ್ತು. ಗೋಡೆಯ ಮೇಲೆ ಅಂಟಿನ ಕಲೆಗಳು ಮಾತ್ರ ಉಳಿದಿದ್ದವು. ಒಬ್ಬ ಹುಡುಗ ಬಂದು, "ಸರ್, ನಮ್ಮ ಕ್ಲಾಸು ಮುಗಿದುಹೋಯಿತಾ?" ಎಂದು ಕೇಳಿದ. ಇನ್ನೂ ಒಂಬತ್ತು ದಿನದ ಶಾಲೆ ಬಾಕಿ ಇತ್ತು. ಊಟ ಮುಗಿಯುವ ಮೊದಲೇ ಎಲೆ ಎತ್ತಿದಂತಾಗಿತ್ತು. ಅಂದಿನಿಂದ ಆ ತರಗತಿಯ ಶಿಕ್ಷಕಿಯೂ ಗೋಡೆಗೆ ಬೆನ್ನು ಹಾಕಿ ಕೂರತೊಡಗಿದರು. ಬರೆಯುವಾಗ ಅಕ್ಷರ ತಪ್ಪಿದರೆ "ಪಟ ನೋಡು" ಎನ್ನಲು ಪಟವೇ ಇರಲಿಲ್ಲ.

ಖಾಲಿ ಗೋಡೆಯನ್ನು ಮಕ್ಕಳಿಗಿಂತ ಮೊದಲು ಓದುವವರು ಶಿಕ್ಷಕರು. ಕೊಠಡಿ ಇನ್ನೂ ನಡೆಯುತ್ತಿರುವಂತೆ ಕಂಡರೆ ಅವರೂ ಇನ್ನೂ ನಡೆಯುತ್ತಿರುತ್ತಾರೆ. ಹಾಗಾಗಿ ಈಗ ನನ್ನ ನಿಯಮ ಇಷ್ಟೇ: ಕಡೆಯ ದಿನದ ಹಿಂದಿನ ಮಧ್ಯಾಹ್ನದವರೆಗೆ ಒಂದು ಪಟವೂ ಕೆಳಗಿಳಿಯಬಾರದು. ಆ ಮಧ್ಯಾಹ್ನ ಮಕ್ಕಳೇ ಇಳಿಸುತ್ತಾರೆ, ತಂತಮ್ಮ ಚಿತ್ರ ತಾವೇ ಸುತ್ತಿಕೊಂಡು ಹೋಗುತ್ತಾರೆ. ಬಣ್ಣ ಬಳಿಯುವವರು ಕಾಯಲಿ.

ಪಾಠಗಳೆಲ್ಲ ಮುಗಿದಿವೆ ಎನ್ನುತ್ತಾರೆ. ಇನ್ನು ಏನು ಕಲಿಸಬೇಕು?

ಮುಗಿದಿರುವುದು ಪುಸ್ತಕದ ಪುಟಗಳು. ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೆ ತಾನೇ ಪ್ರಯೋಗ ಮಾಡಿಕೊಂಡು 1885ರಲ್ಲಿ ತೋರಿಸಿದ ಹಾಗೆ, ಕಲಿತದ್ದು ಮೊದಲ ಕೆಲವು ಗಂಟೆ, ದಿನಗಳಲ್ಲೇ ವೇಗವಾಗಿ ಜಾರಿಹೋಗುತ್ತದೆ. ಅಂತರ ಬಿಟ್ಟು ಮತ್ತೆ ಮತ್ತೆ ನೆನಪಿಸಿಕೊಂಡರೆ ನಿಲ್ಲುತ್ತದೆ. ದೀರ್ಘ ರಜೆಯ ಪರಿಣಾಮ ಕುರಿತ ಹಲವು ಅಧ್ಯಯನಗಳನ್ನು ಹ್ಯಾರಿಸ್ ಕೂಪರ್ ಮತ್ತು ಸಂಗಡಿಗರು 1996ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಬೇಸಿಗೆ ರಜೆ ಮುಗಿಸಿ ಬಂದ ಮಕ್ಕಳ ಅಂಕ ಸರಾಸರಿ ಒಂದು ತಿಂಗಳ ಕಲಿಕೆಯಷ್ಟು ಹಿಂದೆ ಬಿದ್ದಿತ್ತು, ಗಣಿತದಲ್ಲಿ ಹೆಚ್ಚು. ಆ ಪ್ರಮಾಣದ ಬಗ್ಗೆ ಆಮೇಲೆ ಬೇಕಾದಷ್ಟು ವಾದ ನಡೆದಿದೆ. ಪ್ರಮಾಣ ಎಷ್ಟೇ ಇರಲಿ, ರಜೆಗೆ ಹೊರಡುವ ಮೊದಲು ಬುಡ ಗಟ್ಟಿ ಮಾಡುವ ಕೆಲಸ ಉಳಿದಿದೆ ಎಂದು ಒಪ್ಪಲು ಯಾವ ವಾದವೂ ಬೇಕಿಲ್ಲ.

ಹಳೆಯ ಪಾಠವನ್ನೇ ಮತ್ತೊಮ್ಮೆ ಓದಿಸುವುದು ಬೇಡ. ಶಿಕ್ಷಕರಿಗೇ ಆಕಳಿಕೆ ಬರುತ್ತದೆ. ನಮ್ಮಲ್ಲಿ ಚೆನ್ನಾಗಿ ನಡೆದದ್ದು ಎರಡು. ಒಂದು, ಮುಂದಿನ ವರ್ಷ ಈ ತರಗತಿಗೆ ಬರುವ ಮಕ್ಕಳಿಗಾಗಿ ಈಗಿನ ಮಕ್ಕಳು ಕೈಪಿಡಿ ಬರೆಯುವುದು: ಯಾವ ಲೆಕ್ಕ ಕಷ್ಟ, ಅದನ್ನು ಹೇಗೆ ಮಾಡಬೇಕು, ಯಾವ ಕಥೆ ಚೆನ್ನಾಗಿದೆ. ಭಿನ್ನರಾಶಿಯನ್ನು ಇನ್ನೊಬ್ಬರಿಗೆ ವಿವರಿಸಲು ಹೊರಟ ಮಗುವಿಗೆ ತನಗೇನು ಗೊತ್ತಿಲ್ಲ ಎಂಬುದು ತಾನಾಗಿಯೇ ತಿಳಿಯುತ್ತದೆ. ಎರಡು, ದಿನಕ್ಕೆ 20 ನಿಮಿಷ ಒಂದು ದೊಡ್ಡ ಕಥೆಯನ್ನು ಗಟ್ಟಿಯಾಗಿ ಓದುವುದು, ಅದು ಕಡೆಯ ದಿನದ ಹಿಂದಿನ ದಿನ ಮುಗಿಯುವಂತೆ. ನಾಳೆ ಏನಾಗುತ್ತದೋ ಎಂಬ ಕುತೂಹಲ ಮಕ್ಕಳ ಹಾಜರಿಯನ್ನೂ ಹಿಡಿದಿಡುತ್ತದೆ, ಶಿಕ್ಷಕರನ್ನೂ.

ಸಿನಿಮಾ ಹಾಕುವುದು? ಒಂದು ಮಧ್ಯಾಹ್ನ, ಎಲ್ಲ ತರಗತಿಗಳಿಗೂ ಒಟ್ಟಿಗೆ, ಮೊದಲೇ ಹೇಳಿ ಹಾಕಿ. ಹಿಂದಿನ ಮೇಜಿನಲ್ಲಿ ಅಂಕ ಕೂಡುತ್ತ ಕೂರಲು ಅನುಕೂಲ ಎಂದು ದಿನಾ ಹಾಕುವುದಾದರೆ, ಆ ಅಂಕ ಕೂಡಲು ಶಿಕ್ಷಕರಿಗೆ ನಾವೇ ಸಮಯ ಕೊಟ್ಟಿಲ್ಲ ಎಂದರ್ಥ.

ಮಕ್ಕಳೇ ಕೈಗೆ ಸಿಗುತ್ತಿಲ್ಲ. ಶಿಕ್ಷಕರು ಏನು ಮಾಡಿಯಾರು?

ಮಕ್ಕಳು ಕುಣಿಯುವುದು ದಿನಚರಿ ಸಡಿಲವಾದಾಗ. ಪ್ರಾರ್ಥನೆಯ ಹೊತ್ತು ಹತ್ತು ನಿಮಿಷ ಹಿಂದೆ ಮುಂದೆ ಆಯಿತು, ಆಟದ ಅವಧಿ ಉದ್ದವಾಯಿತು, ಮನೆಗೆಲಸ ನೋಡುವುದು ನಿಂತಿತು ಎಂದರೆ ಮಕ್ಕಳಿಗೆ ಸುದ್ದಿ ಮುಟ್ಟಿತೆಂದೇ ಲೆಕ್ಕ. ಪ್ರಾಥಮಿಕ ತರಗತಿಗಳ ವಿಡಿಯೊ ಚಿತ್ರಣವನ್ನು ಪರಿಶೀಲಿಸಿ ಜೇಕಬ್ ಕೌನಿನ್ 1970ರಲ್ಲಿ ಪ್ರಕಟಿಸಿದ ಅಧ್ಯಯನದ ತಿರುಳೂ ಇದಕ್ಕೆ ಹತ್ತಿರ. ತಪ್ಪು ಮಾಡಿದ ಮೇಲೆ ಹೇಗೆ ಗದರಿಸುತ್ತಾರೆ ಎಂಬುದರಲ್ಲಿ ಒಳ್ಳೆಯ ಶಿಕ್ಷಕರಿಗೂ ಉಳಿದವರಿಗೂ ಅಂಥ ವ್ಯತ್ಯಾಸವಿರಲಿಲ್ಲ. ಕೊಠಡಿಯ ಎಲ್ಲ ಮೂಲೆಗಳ ಮೇಲೂ ಕಣ್ಣಿದೆ ಎಂದು ಮಕ್ಕಳಿಗೆ ಅನ್ನಿಸುವಂತೆ ಇರುವುದು, ಒಂದು ಚಟುವಟಿಕೆಯಿಂದ ಇನ್ನೊಂದಕ್ಕೆ ಎಡವದೆ ದಾಟುವುದು, ಇವುಗಳಲ್ಲಿ ವ್ಯತ್ಯಾಸವಿತ್ತು.

ಒಂದು ಎಚ್ಚರಿಕೆ. ಆಟದ ಮೈದಾನದ ಮೇಲ್ವಿಚಾರಣೆಯಲ್ಲಿ ಈ ದಿನಗಳಲ್ಲಿ ಯಾವ ರಿಯಾಯಿತಿಯೂ ಬೇಡ. ಮರದ ಕೆಳಗೆ ಕುರ್ಚಿ ಹಾಕಿಕೊಂಡು ಉತ್ತರಪತ್ರಿಕೆ ತಿದ್ದುತ್ತಿರುವವರು ಮೈದಾನದಲ್ಲಿ ಇದ್ದೂ ಇಲ್ಲದವರು. ಇದೊಂದನ್ನು ನಾನು ಮುಲಾಜಿಲ್ಲದೆ ಹೇಳುತ್ತೇನೆ: ಮೇಲ್ವಿಚಾರಣೆಗೆ ಹೋಗುವಾಗ ಕೈ ಖಾಲಿ ಇರಬೇಕು. ಪೆನ್ನೂ ಬೇಡ, ಮೊಬೈಲೂ ಬೇಡ.

ಉತ್ತರಪತ್ರಿಕೆ ಮತ್ತು ಪ್ರಗತಿಪತ್ರಗಳಲ್ಲಿ ತಪ್ಪು ನುಸುಳದಂತೆ ಏನು ಮಾಡಬಹುದು?

ದಣಿದ ಕೈ ಅಂಕ ಹಾಕುವಾಗ ಸುಮ್ಮನೆ ತಪ್ಪುವುದಿಲ್ಲ, ಒಂದು ದಿಕ್ಕಿಗೆ ವಾಲುತ್ತದೆ. ದಣಿಯದ ಕೈಯೂ ಅಷ್ಟೇನೂ ನಂಬಿಕೆಗೆ ತಕ್ಕದ್ದಲ್ಲ ಎನ್ನಿ. ಸ್ಟಾರ್ಚ್ ಮತ್ತು ಎಲಿಯಟ್ ಎಂಬಿಬ್ಬರು 1912ರಲ್ಲಿ ಒಂದೇ ಭಾಷಾ ಉತ್ತರಪತ್ರಿಕೆಯನ್ನು ನೂರಕ್ಕೂ ಹೆಚ್ಚು ಶಿಕ್ಷಕರಿಂದ ತಿದ್ದಿಸಿದಾಗ, ನೂರರಲ್ಲಿ ಬಂದ ಅತಿ ಕಡಿಮೆ ಮತ್ತು ಅತಿ ಹೆಚ್ಚು ಅಂಕಗಳ ನಡುವೆ 30ಕ್ಕೂ ಹೆಚ್ಚಿನ ಅಂತರವಿತ್ತು.

ಒಂದು ಮಗುವಿನ ಇಡೀ ಪತ್ರಿಕೆ ತಿದ್ದುವ ಬದಲು ಎಲ್ಲ ಮಕ್ಕಳ ಒಂದನೆಯ ಪ್ರಶ್ನೆ, ಆಮೇಲೆ ಎಲ್ಲರ ಎರಡನೆಯ ಪ್ರಶ್ನೆ ಎಂದು ತಿದ್ದಲು ಹೇಳಿ. ಜಾಣ ಮಗುವಿನ ಮೊದಲ ಉತ್ತರದ ಹೊಳಪು ಮುಂದಿನ ಉತ್ತರಗಳಿಗೆ ಅಂಟಿಕೊಳ್ಳುವುದು ಇದರಿಂದ ತಪ್ಪುತ್ತದೆ. ಕೂಡುವಿಕೆಯನ್ನು ಪಕ್ಕದ ತರಗತಿಯವರೊಂದಿಗೆ ಅದಲುಬದಲು ಮಾಡಿಕೊಂಡು ಪರೀಕ್ಷಿಸಲಿ. ಸಂಜೆ ಕೊನೆಯಲ್ಲಿ ತಿದ್ದಿದ ಐದಾರು ಪತ್ರಿಕೆಗಳನ್ನು ಮರುದಿನ ಬೆಳಗ್ಗೆ ಇನ್ನೊಮ್ಮೆ ನೋಡಲಿ.

ಪ್ರಗತಿಪತ್ರದ ಷರಾ ಬೇರೆಯೇ ಕಥೆ. "ಉತ್ತಮ, ಇನ್ನೂ ಪ್ರಯತ್ನಿಸಬೇಕು" ಎಂದು 35 ಸಲ ಬರೆದ ಕಟ್ಟನ್ನು ಸಹಿಗೆ ತಂದಿಟ್ಟವರನ್ನು ನೋಡಿದ್ದೇನೆ. ಕಂಪ್ಯೂಟರ್ ಬಂದ ಮೇಲೆ ಒಂದು ಹುಡುಗಿಯ ಪತ್ರದಲ್ಲಿ "ಇವನು ತರಗತಿಯಲ್ಲಿ ತುಂಟತನ ಕಡಿಮೆ ಮಾಡಬೇಕು" ಎಂದು ಅಚ್ಚಾಗಿ, ಅವಳ ತಾಯಿ ಅದನ್ನು ಹಿಡಿದುಕೊಂಡು ನನ್ನ ಮೇಜಿನ ಮುಂದೆ ನಿಂತಿದ್ದರು. ಆ ತುಂಟ ಯಾರು ಎಂದು ಹುಡುಕುವುದು ಕಷ್ಟವಾಗಲಿಲ್ಲ, ಅದು ಬೇರೆ ಮಾತು. ಆಮೇಲಿನಿಂದ ನಾವು ಷರಾಗಳನ್ನು ದಿನಕ್ಕೆ ಐದು ಮಕ್ಕಳಂತೆ, ಆರು ವಾರ ಮೊದಲಿನಿಂದ ಬರೆಯುತ್ತೇವೆ. ಐದೇ ಮಕ್ಕಳಾದರೆ ಮುಖ ನೆನಪಿಗೆ ಬರುತ್ತದೆ.

ಒಬ್ಬ ಶಿಕ್ಷಕರು ಪೂರ್ತಿ ಕೈಚೆಲ್ಲಿ ಕೂತಂತೆ ಕಾಣುತ್ತಿದ್ದಾರೆ. ಹೇಗೆ ಮಾತಾಡಲಿ?

ಸಭೆಯಲ್ಲಿ ಹೆಸರು ಹೇಳದೆ ಚುಚ್ಚಬೇಡಿ. "ಕೆಲವರು" ಎಂದು ಆರಂಭವಾಗುವ ಮಾತು, ಯಾರನ್ನು ಉದ್ದೇಶಿಸಿ ಹೇಳಿದ್ದೋ ಅವರನ್ನೊಬ್ಬರನ್ನು ಬಿಟ್ಟು ಉಳಿದೆಲ್ಲರಿಗೂ ನಾಟುತ್ತದೆ. ನಿಮ್ಮ ಕೊಠಡಿಗೂ ಕರೆಸಬೇಡಿ. ಶಾಲೆ ಬಿಟ್ಟ ಮೇಲೆ ಅವರ ತರಗತಿಗೆ ನೀವೇ ಹೋಗಿ, ಮಕ್ಕಳ ಬೆಂಚಿನ ಮೇಲೆ ಕೂತು ಮಾತಾಡಿ.

ನಾನು ಒಮ್ಮೆ ನನಗಿಂತ ಹಿರಿಯ ಸಹೋದ್ಯೋಗಿಯೊಬ್ಬರ ಬಳಿ ಹೀಗೆ ಹೋದೆ.

"ಮೇಷ್ಟ್ರೇ, ಎರಡು ದಿನದಿಂದ ಕಪ್ಪು ಹಲಗೆಯ ಮೇಲೆ ಒಂದೇ ದಿನಾಂಕ ಇದೆ."

ಅವರು ತಿರುಗಿ ನೋಡಿದರು. "ಹೌದಲ್ಲ" ಎಂದು ಎದ್ದು ಒರೆಸಿದರು. ಸ್ವಲ್ಪ ಹೊತ್ತು ಬಿಟ್ಟು, "ಮುಂದಿನ ವರ್ಷ ನನಗೆ ಒಂದನೆಯ ತರಗತಿ ಕೊಡುತ್ತೀರಂತೆ, ನಿಜವೇ? ನನ್ನ ಮೊಣಕಾಲಿಗೆ ನೆಲದ ಮೇಲೆ ಕೂತು ಏಳುವುದು ಆಗುವುದಿಲ್ಲ ಸರ್" ಎಂದರು.

ಅಂಥ ತೀರ್ಮಾನವನ್ನು ನಾನು ಮಾಡಿಯೇ ಇರಲಿಲ್ಲ. ಸುದ್ದಿ ಎಲ್ಲಿಂದಲೋ ಹುಟ್ಟಿ ಅವರ ಎರಡು ವಾರವನ್ನು ನುಂಗಿತ್ತು. ಉಪದೇಶದ ಅಗತ್ಯವೇ ಬೀಳಲಿಲ್ಲ. ಕಣ್ಣಿಗೆ ಕಂಡ ಒಂದು ಚಿಕ್ಕ ಸಂಗತಿಯನ್ನು ಹೇಳಿ ಸುಮ್ಮನಾದರೆ, ಉಳಿದದ್ದು ಬಹುಪಾಲು ಅವರ ಬಾಯಿಂದಲೇ ಬರುತ್ತದೆ.

ಹಾಗಾದರೆ ಮುಂದಿನ ವರ್ಷದ ತರಗತಿ ಹಂಚಿಕೆಯನ್ನು ಯಾವಾಗ ತಿಳಿಸಬೇಕು?

ನಿಮ್ಮ ಕೈಯಲ್ಲಿರುವಷ್ಟನ್ನು ಬೇಗ ತಿಳಿಸಿ. ನಿರ್ಧಾರವಾಗದಿದ್ದರೆ, ಯಾವ ದಿನ ಹೇಳುತ್ತೇನೆ ಎಂಬುದನ್ನು ಹೇಳಿ, ಆ ದಿನವನ್ನು ತಪ್ಪಿಸಬೇಡಿ. ತಮಗೆ ಬೇಡವಾದ ತರಗತಿ ಬಂದರೂ ಜನ ಒಂದೆರಡು ದಿನದಲ್ಲಿ ಸುಧಾರಿಸಿಕೊಳ್ಳುತ್ತಾರೆ. ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತಾಡಿದರೆ ತಿಂಗಳುಗಟ್ಟಲೆ ಗೊಣಗುತ್ತಾರೆ.

ಇದು ವರ್ಷಾಂತ್ಯದ ದಣಿವೋ, ಅದಕ್ಕಿಂತ ಆಳವಾದದ್ದೋ ಎಂದು ತಿಳಿಯುವುದು ಹೇಗೆ?

ದಣಿವಾಗಿದ್ದರೆ ಎರಡು ದಿನದ ರಜೆಯ ನಂತರ ಮುಖದಲ್ಲಿ ಸ್ವಲ್ಪವಾದರೂ ಕಳೆ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ ರೋಗ ವರ್ಗೀಕರಣದ 11ನೆಯ ಆವೃತ್ತಿಯಲ್ಲಿ 'ಬರ್ನ್‌ಔಟ್' ಅನ್ನು ಕಾಯಿಲೆ ಎಂದು ಕರೆಯದೆ, ನಿಭಾಯಿಸಲಾಗದೆ ಉಳಿದ ಕೆಲಸದ ಒತ್ತಡದಿಂದ ಹುಟ್ಟುವ ಸ್ಥಿತಿ ಎಂದು ವಿವರಿಸಿ ಮೂರು ಲಕ್ಷಣ ಹೇಳಿದೆ: ಶಕ್ತಿ ಬತ್ತಿಹೋಗುವುದು, ಕೆಲಸದಿಂದ ಮನಸ್ಸು ದೂರವಾಗುವುದು ಅಥವಾ ಅದರ ಬಗ್ಗೆ ಕಹಿ ಬೆಳೆಯುವುದು, ತನ್ನಿಂದ ಏನೂ ಆಗುತ್ತಿಲ್ಲ ಎನ್ನಿಸುವುದು. ಮಕ್ಕಳನ್ನು ಹೆಸರಿನಿಂದ ಕರೆಯುತ್ತಿದ್ದವರು "ಇವುಗಳಿಗೆ ಎಷ್ಟು ಹೇಳಿದರೂ ಅಷ್ಟೆ" ಎನ್ನತೊಡಗಿದ್ದರೆ ಕಿವಿ ನೆಟ್ಟಗಾಗಬೇಕು. ಅಂಥವರಿಗೆ ಗಮನ ಕೇಂದ್ರೀಕರಿಸಿ ಎಂದು ಹೇಳುವುದು ಕುಂಟುತ್ತಿರುವವರಿಗೆ ನೆಟ್ಟಗೆ ನಡೆಯಿರಿ ಎಂದಂತೆ. ಹೊರೆ ಇಳಿಸಿ, ಒಬ್ಬರನ್ನು ಜೊತೆಗೆ ಕೊಡಿ, ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಲು ಸಮಯ ಮಾಡಿಕೊಡಿ.

ವರ್ಗಾವಣೆಯಾದವರು, ನಿವೃತ್ತರಾಗುವವರ ಮನಸ್ಸು ಆಗಲೇ ಹೊರಟುಹೋಗಿರುತ್ತದೆ. ಅವರಿಂದ ಕೆಲಸ ಹೇಗೆ ತೆಗೆಯುವುದು?

ಅವರಲ್ಲಿ ಮಾತ್ರ ಇರುವ ತಿಳಿವಳಿಕೆಯನ್ನು ಕೇಳುವುದರಿಂದ. ಯಾವ ಮಗುವಿಗೆ ಕಿವಿ ಸ್ವಲ್ಪ ಮಂದ, ಯಾರನ್ನು ಯಾರ ಪಕ್ಕ ಕೂರಿಸಿದರೆ ಜಗಳ, ಯಾವ ತಾಯಿಗೆ ಓದಲು ಬಾರದ ಕಾರಣ ಪತ್ರ ಕಳಿಸದೆ ಫೋನು ಮಾಡಬೇಕು, ಇವು ಯಾವ ದಾಖಲೆಯಲ್ಲೂ ಇರುವುದಿಲ್ಲ. ಹೊಸದಾಗಿ ಆ ತರಗತಿ ವಹಿಸಿಕೊಳ್ಳುವವರನ್ನು ಎದುರಿಗೆ ಕೂರಿಸಿ ಒಂದು ಗಂಟೆ ಮಾತಾಡಿಸಿ. ಮೂವತ್ತು ವರ್ಷ ಪಾಠ ಮಾಡಿದವರೊಬ್ಬರು ಇಂಥ ಒಂದು ಗಂಟೆಯನ್ನು ಮೂರು ಗಂಟೆ ಮಾಡಿ, ಮರುದಿನ ತಾವೇ ಒಂದು ಪಟ್ಟಿ ಬರೆದು ತಂದಿದ್ದರು. ಬೀಳ್ಕೊಡುಗೆ ಸಮಾರಂಭದ ತಯಾರಿ ಅವರ ಪಾಠದ ಅವಧಿಯಲ್ಲಿ ನಡೆಯದಿರಲಿ.

ಬೋಧಕೇತರ ಸಿಬ್ಬಂದಿಯ ಬಗ್ಗೆ ಏನು?

ಯಾರೂ ಕೇಳದ ಪ್ರಶ್ನೆ, ನಾನೇ ಸೇರಿಸಿದೆ. ಆಯಾ, ಜವಾನರು, ಗುಮಾಸ್ತರು, ಅಡುಗೆಯವರು, ಶಾಲಾ ವಾಹನದ ಚಾಲಕರು, ಇವರ ಕೆಲಸ ವರ್ಷದ ಕೊನೆಗೆ ಎರಡರಷ್ಟಾಗುತ್ತದೆ. ಪೀಠೋಪಕರಣ ಎತ್ತಿಡುವುದು ಇವರೇ, ವರ್ಗಾವಣೆ ಪತ್ರಕ್ಕೆ ಬಂದವರ ಸರತಿ ನಿಭಾಯಿಸುವುದೂ ಇವರೇ. ಮೇಲೆ ಹೇಳಿದ ಹಾಳೆಯ ಒಂದು ಪ್ರತಿ ಇವರ ಕೈಯಲ್ಲೂ ಇರಲಿ. ಪತ್ರಗಳನ್ನು ಕೊಡಲು ದಿನದಲ್ಲಿ ಒಂದು ನಿಗದಿತ ಹೊತ್ತು ಇಟ್ಟರೆ ಗುಮಾಸ್ತರು ಉಳಿದ ಹೊತ್ತಾದರೂ ಉಸಿರಾಡುತ್ತಾರೆ, ತರಗತಿಯ ಬಾಗಿಲು ತಟ್ಟಿ ಸಹಿ ಕೇಳುವುದೂ ನಿಲ್ಲುತ್ತದೆ.

ಬಹುಮಾನ, ಸಂತೋಷಕೂಟ ಇಟ್ಟರೆ ಹುರುಪು ಬರುವುದಿಲ್ಲವೇ?

ಸಂತೋಷಕೂಟ ಸಂತೋಷಕ್ಕೆ ಇರಲಿ, ಗಮನಕ್ಕೆ ಅಲ್ಲ. ವರ್ಷಾಂತ್ಯದಲ್ಲಿ 'ಅತ್ಯುತ್ತಮ ಶಿಕ್ಷಕ' ಎಂದು ಒಬ್ಬರಿಗೆ ಶಾಲು ಹೊದಿಸಿದರೆ ಉಳಿದ ಹನ್ನೆರಡು ಜನ ಆ ಶಾಲಿನ ನೂಲು ಎಣಿಸುತ್ತಾರೆ. ಕೊಡುವುದಿದ್ದರೆ ಸಮಯ ಕೊಡಿ. ನಾನು ಕೊನೆಯ ತಿಂಗಳಲ್ಲಿ ಪ್ರತಿ ಶಿಕ್ಷಕರ ಒಂದು ಅವಧಿಯನ್ನು ನಾನೇ ತೆಗೆದುಕೊಂಡು ಪಾಠ ಮಾಡುತ್ತೇನೆ. ಆ 40 ನಿಮಿಷ ಅವರು ಏನು ಬೇಕಾದರೂ ಮಾಡಿಕೊಳ್ಳಬಹುದು, ನಾನು ಕೇಳುವುದಿಲ್ಲ. ಮೊದಲ ವರ್ಷ ಒಬ್ಬರು ಗ್ರಂಥಾಲಯದ ಮೇಜಿಗೆ ತಲೆಯಾನಿಸಿ ನಿದ್ದೆ ಮಾಡಿದರು. ಮಧ್ಯಾಹ್ನ ಅವರ ಪಾಠ ಬಹಳ ಚೆನ್ನಾಗಿತ್ತು.

ಮುಖ್ಯಶಿಕ್ಷಕರ ಗಮನವೇ ಚದುರಿದರೆ?

ಸಾಮಾನ್ಯವಾಗಿ ಮೊದಲು ಚದುರುವುದು ಅದೇ. ಹೊಸ ವರ್ಷದ ದಾಖಲಾತಿ, ದುರಸ್ತಿ, ಮೇಲಿನ ಕಚೇರಿಯ ಕರೆ ಎಂದು ನಾವು ಮಾನಸಿಕವಾಗಿ ಮುಂದಿನ ವರ್ಷಕ್ಕೆ ದಾಟಿಬಿಟ್ಟಿರುತ್ತೇವೆ, ಆಮೇಲೆ ಉಳಿದವರು ಏಕೆ ಇಲ್ಲಿಲ್ಲ ಎಂದು ಕೇಳುತ್ತೇವೆ. ದಿನಕ್ಕೊಮ್ಮೆ, ಬೆಳಗಿನ ಎರಡನೆಯ ಅವಧಿಯಲ್ಲಿ, ಎಲ್ಲ ತರಗತಿಗಳ ಮುಂದೆ ನಡೆದು ಬನ್ನಿ. ಕೈಯಲ್ಲಿ ಕಡತ ಬೇಡ. ಒಂದೊಂದು ತರಗತಿಯಲ್ಲಿ ಒಂದು ಮಗುವಿನ ನೋಟುಪುಸ್ತಕ ತೆರೆದು ಎರಡು ಸಾಲು ಓದಿ. ಮೊದಲ ಉತ್ತರದಲ್ಲಿ ಹೇಳಿದ ಆ ಐದು ಅಡಚಣೆಗಳ ಲೆಕ್ಕ ಹಾಕಿದ ಮೇಲೆ ನಾನು ಇನ್ನೊಂದು ಮಾಡಿದೆ: ಪಾಠದ ಹೊತ್ತಿನಲ್ಲಿ ನನ್ನ ಕೊಠಡಿಯಿಂದ ಯಾವ ಚೀಟಿಯೂ ಹೊರಗೆ ಹೋಗಬಾರದು ಎಂದು ಜವಾನನಿಗೇ ಅಧಿಕಾರ ಕೊಟ್ಟೆ. ಅವನು ಎರಡು ಸಲ ನನ್ನ ಚೀಟಿಯನ್ನು ವಾಪಸು ಮೇಜಿನ ಮೇಲಿಟ್ಟು, "ಬಿಡುವಿನಲ್ಲಿ ಕೊಡುತ್ತೇನೆ ಸರ್" ಎಂದ.

ಕೊನೆಯ ದಿನ ಹೇಗಿರಬೇಕು?

ಕೊನೆಯ ದಿನ ಎಂದರೆ ಬೀಗದ ಕೈ ಎಣಿಸಿ, ಸಹಿ ಹಾಕಿಸಿಕೊಂಡು, ಬಾಕಿ ಇರುವವರ ಹೆಸರು ಕೂಗುವ ದಿನ ಎಂದು ಬಹಳ ಕಾಲ ತಿಳಿದಿದ್ದೆ. ಡೇನಿಯಲ್ ಕಾನಮನ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದ ಬಗ್ಗೆ ಓದಿದ ಮೇಲೆ ಅಭಿಪ್ರಾಯ ಬದಲಾಯಿತು. ಜನರು 14 ಡಿಗ್ರಿ ಸೆಲ್ಸಿಯಸ್ ತಣ್ಣೀರಿನಲ್ಲಿ 60 ಸೆಕೆಂಡು ಕೈ ಇಟ್ಟರು. ಇನ್ನೊಂದು ಸರದಿಯಲ್ಲಿ ಅದೇ 60 ಸೆಕೆಂಡಿನ ನಂತರ ಮತ್ತೂ 30 ಸೆಕೆಂಡು ಇಡಬೇಕಿತ್ತು, ಆಗ ನೀರು ನಿಧಾನವಾಗಿ 15 ಡಿಗ್ರಿಗೆ ಏರುತ್ತಿತ್ತು. ಯಾವುದನ್ನು ಮತ್ತೆ ಮಾಡುತ್ತೀರಿ ಎಂದರೆ ಹೆಚ್ಚಿನವರು ಆರಿಸಿಕೊಂಡದ್ದು ಉದ್ದದ್ದನ್ನು. ಕೊನೆ ಹೇಗಿತ್ತೋ ಹಾಗೆ ಇಡೀ ಅನುಭವ ನೆನಪಿನಲ್ಲಿ ಉಳಿಯುತ್ತದೆ.

ಲೆಕ್ಕಪತ್ರವೆಲ್ಲ ಹಿಂದಿನ ದಿನವೇ ಮುಗಿಯಲಿ. ಕಡೆಯ ದಿನ ಮಕ್ಕಳು ಹೋದ ಮೇಲೆ ಸಿಬ್ಬಂದಿಯೆಲ್ಲ ಒಂದು ಕೊಠಡಿಯಲ್ಲಿ ಕೂತು, ಪ್ರತಿಯೊಬ್ಬರೂ ಈ ವರ್ಷ ಸುಧಾರಿಸಿದ ಒಂದು ಮಗುವಿನ ಬಗ್ಗೆ ಎರಡು ನಿಮಿಷ ಹೇಳುತ್ತಾರೆ. ಭಾಷಣವಿಲ್ಲ, ಚಪ್ಪಾಳೆಯಿಲ್ಲ. ನಾನು ಕೊನೆಯವನು.

ರಜೆಯಲ್ಲಿ ಬಾಕಿ ಕೆಲಸ ನೆನಪಾದರೆ ಶಿಕ್ಷಕರಿಗೆ ಸಂದೇಶ ಕಳಿಸಬಹುದೇ?

ಮಗುವಿಗೆ ಸಂಬಂಧಿಸಿದ ತುರ್ತು ಇದ್ದರೆ ಫೋನು ಮಾಡಿ. ಉಳಿದದ್ದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಶಾಲೆ ತೆರೆಯುವ ದಿನ ತೆಗೆದು ನೋಡಿದಾಗ ನನ್ನ ಪುಸ್ತಕದಲ್ಲಿ ಅರ್ಧದಷ್ಟು ಸಾಲುಗಳಿಗೆ ಗೀಟು ಎಳೆಯುವುದಷ್ಟೇ ಉಳಿದಿರುತ್ತದೆ.